ಯಂತ್ರದೊಳಗಣ ಯಂತ್ರ: ಹಳೆಯ ಮ್ಯಾಕ್‌ನಲ್ಲಿ ವಿಂಡೋಸ್ ಮತ್ತು ಇತಿಹಾಸದ ಆಕರಗಳು

ಆಕರವನ್ನು ಓದುವ ಮೊದಲು ಅದರ ಲಿಪಿಯನ್ನು ಅರಿಯಬೇಕೆಂಬುದು ಇತಿಹಾಸದ ವಿದ್ಯಾರ್ಥಿಗೆ ಪ್ರಥಮ ಪಾಠ. ಸಾವಿರ ವರ್ಷಗಳ ಹಿಂದಿನ ತಾಮ್ರಪಟವೂ ಲಿಪಿಜ್ಞನ ಕಣ್ಣೆದುರಿಗೆ ಮಾತನಾಡುತ್ತದೆ. ಗಣಕದ ಕಡತಕ್ಕಾದರೋ ಲಿಪಿಜ್ಞಾನವೊಂದೇ ಸಾಲದು. ಅದನ್ನು ಬರೆದ ತಂತ್ರಾಂಶ, ಆ ತಂತ್ರಾಂಶಕ್ಕೆ ಆಶ್ರಯವಾದ ಕಾರ್ಯವ್ಯವಸ್ಥೆ, ಅದೆಲ್ಲವನ್ನೂ ಹೊತ್ತ ಯಂತ್ರ ಇವು ಮೂರೂ ಒಟ್ಟಿಗೆ ದೊರೆಯಬೇಕು. ಒಂದು ತಪ್ಪಿದರೂ ಆಕರವು ಮೂಕವಾಗುತ್ತದೆ. ಇಲ್ಲದ ಯಂತ್ರದ ನಡೆವಳಿಕೆಯನ್ನು ಇರುವ ಯಂತ್ರದಲ್ಲಿ ತಂತ್ರಾಂಶದ ಮೂಲಕ ತೋರಿಸುವ ವಿಧಾನಕ್ಕೆ ಎಮ್ಯುಲೇಷನ್ ಎಂದು ಹೆಸರು. ಇದನ್ನು ನಾವು ಅನುಕರಣವೆಂದು ಕರೆಯೋಣ. ಹಳೆಯ ಮ್ಯಾಕ್ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ನಡೆಯುವ ಬಗೆಯನ್ನು ನಿದರ್ಶನವಾಗಿಟ್ಟುಕೊಂಡು ಈ ವಿಧಾನದ ಸ್ವರೂಪವನ್ನೂ, ನಮ್ಮ ಅಧ್ಯಯನಕ್ಕೆ ಅದರಿಂದಾಗುವ ಪ್ರಯೋಜನವನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

೧. ಪೂರ್ವವೃತ್ತಾಂತ

ತಕ್ಕ ಸೂಚನೆಗಳನ್ನು ಕೊಟ್ಟಲ್ಲಿ ಒಂದೇ ಯಂತ್ರವು ಉಳಿದ ಯಾವ ಗಣನಯಂತ್ರದ ಕೆಲಸವನ್ನಾದರೂ ಮಾಡಬಲ್ಲುದೆಂದು ಅಲನ್ ಟ್ಯೂರಿಂಗ್ ೧೯೩೬ರಲ್ಲಿಯೇ ತಾತ್ತ್ವಿಕವಾಗಿ ತೋರಿಸಿದ್ದನು. ವ್ಯವಹಾರದಲ್ಲಿ ಇದರ ಅಗತ್ಯ ಎದ್ದು ಕಂಡದ್ದು ೧೯೬೪ರಲ್ಲಿ. ಆ ವರ್ಷ ಐಬಿಎಂ ಸಂಸ್ಥೆಯು ಸಿಸ್ಟಂ/೩೬೦ ಎಂಬ ಹೊಸ ಗಣಕಗಳ ಶ್ರೇಣಿಯನ್ನು ಪ್ರಕಟಿಸಿದಾಗ, ಗ್ರಾಹಕರು ಹಳೆಯ ೧೪೦೧ ಮೊದಲಾದ ಗಣಕಗಳಿಗಾಗಿ ಬರೆಸಿದ್ದ ಕಾರ್ಯಕ್ರಮಗಳು ವ್ಯರ್ಥವಾಗದಂತೆ ಅನುಕರಣದ ಏರ್ಪಾಡನ್ನೂ ಒದಗಿಸಿತು. ಆ್ಯಪಲ್ ಸಂಸ್ಥೆಯೂ ೧೯೯೪ರಲ್ಲಿ ಮೋಟರೋಲಾ ೬೮೦೦೦ ವಂಶದ ಸಂಸ್ಕಾರಕವನ್ನು ಬಿಟ್ಟು ಪವರ್‌ಪಿಸಿಗೆ ಬಂದಾಗ ಇದೇ ದಾರಿಯನ್ನು ಹಿಡಿಯಿತು. ವಿಂಡೋಸ್ ಬೇಕಾದ ಮ್ಯಾಕ್ ಬಳಕೆದಾರರಿಗಾಗಿ ಕನೆಕ್ಟಿಕ್ಸ್ ಎಂಬ ಸಂಸ್ಥೆ ೧೯೯೭ರಲ್ಲಿ ವರ್ಚುಯಲ್ ಪಿಸಿ ಎಂಬ ತಂತ್ರಾಂಶವನ್ನು ಹೊರತಂದಿತು. ೨೦೦೩ರಲ್ಲಿ ಅದು ಮೈಕ್ರೋಸಾಫ್ಟ್ ಸಂಸ್ಥೆಯ ವಶಕ್ಕೆ ಬಂದಿತು.

೨. ಎರಡು ಭಾಷೆಗಳ ಅಂತರ

ಪವರ್‌ಪಿಸಿ ಸಂಸ್ಕಾರಕವೂ ವಿಂಡೋಸ್ ನೆಚ್ಚಿಕೊಂಡ ಇಂಟೆಲ್ ವಂಶದ ಸಂಸ್ಕಾರಕವೂ ಪರಸ್ಪರ ಅರ್ಥವಾಗದ ಎರಡು ಭಾಷೆಗಳಂತೆ. ಅಂತರವು ಪದಗಳಲ್ಲಿ ಮಾತ್ರವಲ್ಲ, ಬರೆವಣಿಗೆಯ ಕ್ರಮದಲ್ಲಿಯೂ ಇದೆ. ನಮ್ಮ ಶಾಸನಗಳಲ್ಲಿ ಶಕವರ್ಷವನ್ನು ಭೂತಸಂಖ್ಯೆಯಿಂದ ಹೇಳುವಾಗ ಮೊದಲು ಬಿಡಿಯ ಸ್ಥಾನ, ಅನಂತರ ಹತ್ತು, ಆಮೇಲೆ ನೂರು ಎಂದು ಎಡಕ್ಕೆ ಸಾಗುವುದು ರೂಢಿ. ಅಂಕಿಗಳಲ್ಲಿ ಬರೆಯುವಾಗಲಾದರೋ ದೊಡ್ಡ ಸ್ಥಾನವೇ ಮೊದಲು. ಇಂಟೆಲ್ ಸಂಸ್ಕಾರಕವು ಸಂಖ್ಯೆಯ ಕಿರಿಯ ಭಾಗವನ್ನು ಸ್ಮೃತಿಯಲ್ಲಿ ಮೊದಲಿಡುತ್ತದೆ, ಭೂತಸಂಖ್ಯೆಯ ಕವಿಯಂತೆ. ಪವರ್‌ಪಿಸಿ ಮ್ಯಾಕ್‌ಗಳು ಹಿರಿಯ ಭಾಗವನ್ನು ಮೊದಲಿಡುತ್ತಿದ್ದವು. ಈ ನಿಯಮವನ್ನರಿಯದೆ ಶಾಸನವನ್ನು ಓದಿದವನು ಶತಮಾನಗಳಷ್ಟು ದೂರ ತಪ್ಪುವಂತೆ, ಕ್ರಮವನ್ನು ತಿದ್ದದ ಅನುಕರಣವೂ ಪ್ರತಿ ಹೆಜ್ಜೆಯಲ್ಲಿ ತಪ್ಪುವುದು.

ಜಿ೩ ಮತ್ತು ಜಿ೪ ಸಂಸ್ಕಾರಕಗಳಲ್ಲಿ ಈ ತಿರುವುಮುರುವಿಗೆ ಸಹಾಯಕವಾದ ಒಂದು ವ್ಯವಸ್ಥೆ ಇದ್ದಿತು. ವರ್ಚುಯಲ್ ಪಿಸಿ ಅದನ್ನು ನಂಬಿಕೊಂಡಿತ್ತು. ೨೦೦೩ರಲ್ಲಿ ಬಂದ ಜಿ೫ರಲ್ಲಿ ಅದನ್ನು ಕೈಬಿಟ್ಟುದರಿಂದ ತಂತ್ರಾಂಶದ ಆರನೆಯ ಆವೃತ್ತಿ ಅಲ್ಲಿ ನಡೆಯಲಿಲ್ಲ. ೨೦೦೪ರ ಏಳನೆಯ ಆವೃತ್ತಿಯವರೆಗೆ ಕಾಯಬೇಕಾಯಿತು. ಜಿ೫ ಲ್ಯಾಪ್‌ಟಾಪುಗಳಿಗೆ ಬರಲೇ ಇಲ್ಲವಾದುದರಿಂದ ಪವರ್‌ಬುಕ್ ಮತ್ತು ಐಬುಕ್ ಉಳ್ಳವರಿಗೆ ಈ ತೊಡಕು ಒದಗಲಿಲ್ಲ.

೩. ಭಾಷಾಂತರದ ರೀತಿ

ಅನುಕರಣ ತಂತ್ರಾಂಶವು ಎರಡು ವಿಧವಾಗಿ ಕೆಲಸಮಾಡಬಹುದು. ಒಂದೊಂದು ಆದೇಶವನ್ನೂ ಓದಿದೊಡನೆ ಅರ್ಥ ಹೇಳುವುದು ಒಂದು ವಿಧ. ಇದು ಸರಳ, ಆದರೆ ಬಹು ನಿಧಾನ. ಆದೇಶಗಳ ಒಂದು ಗುಚ್ಛವನ್ನೇ ಭಾಷಾಂತರಿಸಿ, ಆ ಪ್ರತಿಯನ್ನು ಸ್ಮೃತಿಯಲ್ಲಿ ಇರಿಸಿಕೊಂಡು, ಅದೇ ಗುಚ್ಛ ಮರಳಿ ಬಂದಾಗ ಸಿದ್ಧಪ್ರತಿಯನ್ನೇ ಬಳಸುವುದು ಮತ್ತೊಂದು ವಿಧ. ವರ್ಚುಯಲ್ ಪಿಸಿ ಈ ಎರಡನೆಯ ಮಾರ್ಗವನ್ನು ಅನುಸರಿಸಿತು. ಸಂಸ್ಕಾರಕದೊಡನೆ ಅದು ಚಿತ್ರಫಲಕ, ಧ್ವನಿಫಲಕ, ತಟ್ಟೆ ಮುಂತಾದ ಸಮಸ್ತ ಉಪಕರಣಗಳನ್ನೂ ನಟಿಸಬೇಕಾಗಿತ್ತು. ವಿಂಡೋಸ್ ಯಾವುದನ್ನು ತನ್ನ ತಟ್ಟೆಯೆಂದು ನಂಬುತ್ತಿತ್ತೋ ಅದು ಮ್ಯಾಕ್‌ನ ದೃಷ್ಟಿಯಲ್ಲಿ ಒಂದು ದೊಡ್ಡ ಕಡತ ಮಾತ್ರ. ಇಷ್ಟೆಲ್ಲದರ ಬೆಲೆ ವೇಗ. ಪತ್ರವ್ಯವಹಾರ, ಲೆಕ್ಕಪತ್ರಗಳಿಗೆ ಅದು ಸಾಕಾಗುತ್ತಿತ್ತು. ಮೂರು ಆಯಾಮಗಳ ಚಿತ್ರಗಳುಳ್ಳ ಆಟಗಳಿಗೆ ಸಲ್ಲುತ್ತಿರಲಿಲ್ಲ.

೨೦೦೬ರಲ್ಲಿ ಮ್ಯಾಕ್ ತಾನೇ ಇಂಟೆಲ್ ಸಂಸ್ಕಾರಕಕ್ಕೆ ತಿರುಗಿತು. ಎರಡೂ ಕಡೆ ಭಾಷೆ ಒಂದೇ ಆದುದರಿಂದ ಭಾಷಾಂತರಕ್ಕೆ ಅವಕಾಶವೇ ಉಳಿಯಲಿಲ್ಲ. ಬೂಟ್ ಕ್ಯಾಂಪ್, ಪ್ಯಾರಲಲ್ಸ್ ಮೊದಲಾದವುಗಳಿಂದ ವಿಂಡೋಸ್ ಹೆಚ್ಚುಕಡಮೆ ಸಹಜ ವೇಗದಲ್ಲಿಯೇ ನಡೆಯಿತು. ಅದೇ ವರ್ಷ ಮ್ಯಾಕ್‌ಗಾಗಿ ವರ್ಚುಯಲ್ ಪಿಸಿಯನ್ನು ಮುಂದುವರಿಸುವುದಿಲ್ಲವೆಂದು ಮೈಕ್ರೋಸಾಫ್ಟ್ ಪ್ರಕಟಿಸಿತು. ಆದರೆ ೨೦೨೦ರಲ್ಲಿ ಆ್ಯಪಲ್ ತನ್ನದೇ ಸಂಸ್ಕಾರಕವನ್ನು ತಂದಾಗ ಹಳೆಯ ಪ್ರಶ್ನೆ ಮತ್ತೆ ತಲೆಯೆತ್ತಿತು. ಇಂಟೆಲ್‌ಗಾಗಿ ಬರೆದ ವಿಂಡೋಸಿಗೆ ಅಲ್ಲಿ ಪುನಃ ಅನುಕರಣವೇ ಗತಿಯಾಗಿದೆ.

೪. ನಮ್ಮ ಆಕರಗಳ ಪ್ರಶ್ನೆ

ಇದರಿಂದ ಇತಿಹಾಸದ ವಿದ್ಯಾರ್ಥಿಗೇನೆಂದು ಕೇಳಬಹುದು. ೧೯೯೦ರ ದಶಕದಿಂದ ಈಚೆಗೆ ಕನ್ನಡದ ವಿದ್ವಾಂಸರು ತಮ್ಮ ಟಿಪ್ಪಣಿ, ಪ್ರಬಂಧ, ಶಾಸನಪಾಠಗಳನ್ನು ಬಹುಮಟ್ಟಿಗೆ ವಿಂಡೋಸ್‌ನಲ್ಲಿ, ನುಡಿ, ಬರಹ ಮೊದಲಾದ ತಂತ್ರಾಂಶಗಳಿಂದ ಬರೆದಿಟ್ಟರು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಈ ಕಡತಗಳಲ್ಲಿ ಇದ್ದುದು ರೋಮನ್ ಅಕ್ಷರಗಳ ಸಂಕೇತಗಳೇ. ಅವಕ್ಕೆ ಕನ್ನಡದ ರೂಪ ಕೊಡುತ್ತಿದ್ದುದು ಫಾಂಟು. ಆ ಫಾಂಟಿಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ಅರ್ಥಹೀನವಾದ ಅಕ್ಷರರಾಶಿ.

ಪರಿವರ್ತಕಗಳಿಂದ ಇವನ್ನು ಯೂನಿಕೋಡಿಗೆ ತರಬಹುದು, ತರಲೂ ಬೇಕು. ಆದರೆ ಪರಿವರ್ತಕವು ತನಗೆ ತಿಳಿದ ಸಂಕೇತಗಳನ್ನು ಮಾತ್ರ ಪರಿವರ್ತಿಸಬಲ್ಲುದು. ಹಳಗನ್ನಡದ ೞಕಾರದ ಅವಸ್ಥೆಯನ್ನು ನೋಡಿ: ಯೂನಿಕೋಡ್ ಪಟ್ಟಿಯಲ್ಲಿಯೇ ಅದು ‘ಫ’ ಎಂಬ ತಪ್ಪು ಹೆಸರಿನಿಂದ ಸೇರಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಿದ್ದುಪಡಿಯ ಹೆಸರೊಂದನ್ನು ಪಕ್ಕದಲ್ಲಿ ಸೇರಿಸಬೇಕಾಯಿತು. ಪ್ರಮಾಣಪಟ್ಟಿಯಲ್ಲಿಯೇ ಹೀಗಾಗಿರಲು, ಒಬ್ಬ ವಿದ್ವಾಂಸನು ತನ್ನ ಅನುಕೂಲಕ್ಕೆಂದು ಫಾಂಟಿನ ಯಾವುದೋ ಸ್ಥಾನದಲ್ಲಿ ಇಟ್ಟುಕೊಂಡ ವಿಶೇಷ ಚಿಹ್ನೆಯ ಗತಿಯನ್ನು ಊಹಿಸಬಹುದು. ಶಾಸನಪಾಠದಲ್ಲಿ ೞ, ಳಗಳ ಭೇದವು ಕಾಲನಿರ್ಣಯಕ್ಕೆ ಸಂಬಂಧಿಸಿದ ವಿಷಯ. ಅದು ಸದ್ದಿಲ್ಲದೆ ಅಳಿಸಿಹೋದರೆ ಮುಂದಿನ ಸಂಶೋಧಕನಿಗೆ ತಪ್ಪಿನ ಸುಳಿವೂ ಸಿಕ್ಕದು.

ಶಾಸನಶಾಸ್ತ್ರವು ಇಂಥ ಸಂದರ್ಭಕ್ಕೆ ಉತ್ತರವನ್ನು ಎಂದೋ ಕಂಡುಕೊಂಡಿದೆ: ಪಾಠವನ್ನು ಅಚ್ಚು ಹಾಕುತ್ತೇವೆ, ಪಡಿಯಚ್ಚನ್ನೂ ಕಾಪಾಡುತ್ತೇವೆ. ಯೂನಿಕೋಡ್ ಪರಿವರ್ತನೆ ಪಾಠದಂತೆ. ಹಳೆಯ ವಿಂಡೋಸನ್ನು ಅದರ ಫಾಂಟು, ತಂತ್ರಾಂಶಗಳೊಡನೆ ಅನುಕರಣದಲ್ಲಿ ಉಳಿಸಿಕೊಳ್ಳುವುದು ಪಡಿಯಚ್ಚಿನಂತೆ. ಸಂದೇಹ ಬಂದಾಗ ಎರಡನ್ನೂ ಹೋಲಿಸಿ ನೋಡಬಹುದು. ಅಮೆರಿಕದ ಎಮರಿ ವಿಶ್ವವಿದ್ಯಾಲಯವು ಸಲ್ಮಾನ್ ರಶ್ದಿಯವರ ಹಳೆಯ ಮ್ಯಾಕ್ ಗಣಕವೊಂದನ್ನು ೨೦೧೦ರಲ್ಲಿ ಅನುಕರಣದ ಮೂಲಕ ಸಂಶೋಧಕರಿಗೆ ತೆರೆದಿಟ್ಟುದು ಈ ಮಾರ್ಗದ ಸಾಧ್ಯತೆಗೆ ಸಾಕ್ಷಿ.

ಅನುಕರಣ ತಂತ್ರಾಂಶವೂ ಮುಪ್ಪಾಗುತ್ತದೆಂಬ ಆಕ್ಷೇಪಣೆ ನ್ಯಾಯವಾದುದೇ. ವರ್ಚುಯಲ್ ಪಿಸಿಯನ್ನೇ ನಡೆಸಲು ಈಗ ಹಳೆಯ ಪವರ್‌ಪಿಸಿ ಮ್ಯಾಕ್ ಬೇಕು. ಅದಿಲ್ಲದವರು ಆ ಮ್ಯಾಕ್‌ನ್ನೂ ಅನುಕರಿಸಬಲ್ಲ ಕ್ಯುಎಮು ಮುಂತಾದವನ್ನು ಅವಲಂಬಿಸಬೇಕು. ಓಲೆಗರಿಯೂ ಶಾಶ್ವತವಲ್ಲ, ಪ್ರತಿಮಾಡುವವರು ತಲೆತಲಾಂತರದಿಂದ ಇದ್ದುದರಿಂದಲೇ ಗ್ರಂಥಗಳು ನಮಗೆ ಉಳಿದು ಬಂದಿವೆ.

ಆದುದರಿಂದ ಕಾಲೇಜುಗಳ ಇತಿಹಾಸ ವಿಭಾಗಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಹಳೆಯ ಗಣಕವನ್ನು ವಿಲೇವಾರಿ ಮಾಡುವ ಮೊದಲು ಅದರ ತಟ್ಟೆಯ ಪೂರ್ಣಪ್ರತಿಯನ್ನು ತೆಗೆದಿಡಬೇಕು. ಬಳಸಿದ ಫಾಂಟು, ತಂತ್ರಾಂಶ ಮತ್ತು ಆವೃತ್ತಿಗಳನ್ನು ಕಾಗದದ ಮೇಲೆ ಬರೆದಿಡಬೇಕು. ಸ್ಥಾಪನೆಯ ತಟ್ಟೆಗಳನ್ನೂ ಪರವಾನಗಿಯನ್ನೂ ಜೋಪಾನ ಮಾಡಬೇಕು. ವಿಂಡೋಸ್ ಎಕ್ಸ್‌ಪಿಗೆ ೨೦೧೪ರಲ್ಲಿ ರಕ್ಷಣೆ ನಿಂತುಹೋದುದರಿಂದ ಅಂಥ ವ್ಯವಸ್ಥೆಯನ್ನು ಜಾಲಕ್ಕೆ ಸೇರಿಸದೆ ನಡೆಸುವುದು ಕ್ಷೇಮ. ಈ ಕೆಲಸಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಕಡತಗಳನ್ನು ಬರೆದವರು ನಮ್ಮೊಡನೆ ಇರುವಾಗಲೇ ಅವರನ್ನು ಕೇಳಿ ತಿಳಿದುಕೊಳ್ಳುವ ಎಚ್ಚರ ಬೇಕು.