ಹಿಂಬಾಗಿಲ ಬೀಗದ ಕೈ ಯಾರ ಬಳಿ?

ಪರೀಕ್ಷೆಗೆಂದೋ ಸಂದರ್ಶನಕ್ಕೆಂದೋ ಮಗಳನ್ನು ಕರೆದುಕೊಂಡು ಪರವೂರಿಗೆ ಹೋದ ತಂದೆ, ರಾತ್ರಿ ಹತ್ತರ ಹೊತ್ತಿಗೆ ಲಾಡ್ಜೊಂದರ ಮೆಟ್ಟಿಲು ಹತ್ತುತ್ತಾರೆ. ಬಾಡಿಗೆ ಎಷ್ಟು, ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆ, ಹಾಸಿಗೆ ಚೊಕ್ಕಟವಾಗಿದೆಯೇ, ಚಿಲಕ ಸರಿಯಾಗಿ ಬೀಳುತ್ತದೆಯೇ ಎಂದೆಲ್ಲ ವಿಚಾರಿಸುತ್ತಾರೆ. ಇಳಿಯಲು ಇನ್ನೊಂದು ಮೆಟ್ಟಿಲು ಎಲ್ಲಿದೆ ಎಂದು ಕೇಳುವವರು ಮಾತ್ರ ಅಪರೂಪ. ಕೇಳಿದರೂ ಕೌಂಟರಿನಲ್ಲಿ ಕೂತವನು ಅವರನ್ನೇ ವಿಚಿತ್ರವಾಗಿ ನೋಡಿಯಾನು.

2019ರ ಫೆಬ್ರುವರಿ 12ರ ನಸುಕಿನಲ್ಲಿ ದೆಹಲಿಯ ಕರೋಲ್‌ಬಾಗಿನ ಅರ್ಪಿತ್ ಪ್ಯಾಲೇಸ್ ಹೋಟೆಲಿಗೆ ಬೆಂಕಿ ಬಿದ್ದಾಗ 17 ಮಂದಿ ಸತ್ತರು. ಮದುವೆಗೆಂದು ಕೇರಳದಿಂದ ಬಂದಿದ್ದ ಕುಟುಂಬದವರೂ ಅವರಲ್ಲಿದ್ದರು. ಅಂದಕ್ಕೆಂದು ಕಾರಿಡಾರಿನ ಗೋಡೆಗಳಿಗೆ ಹೊದಿಸಿದ್ದ ಮರದ ಹಲಗೆಗಳೇ ಹೊತ್ತಿ ಉರಿದು, ಜನ ಹೊರಬರಬೇಕಾದ ದಾರಿ ಬೆಂಕಿಯ ದಾರಿಯಾಯಿತು. ತುರ್ತು ಬಾಗಿಲು ಇತ್ತು. ಅದಕ್ಕೆ ಬೀಗ ಹಾಕಿತ್ತು ಎಂದು ವರದಿಯಾಯಿತು. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವೂ ಆ ಹೋಟೆಲಿಗೆ ಇತ್ತು! ದುರಂತದ ನಂತರ ಅದನ್ನು ರದ್ದುಪಡಿಸಿದರು.

ಬೆಂಗಳೂರಿಗೂ ಈ ಪಾಠ ಹೊಸತಲ್ಲ. 2010ರ ಫೆಬ್ರುವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜೀವಗಳು ಹೋದವು. ಅದು ಕಚೇರಿಗಳ ಕಟ್ಟಡ. ಹಾಡಹಗಲು, ಎಲ್ಲರೂ ಎಚ್ಚರವಾಗಿದ್ದರು. ಆದರೂ ಹೊಗೆ ತಡೆಯಲಾಗದೆ ಕೆಲವರು ಕಿಟಕಿಯಿಂದ ಧುಮುಕಿದರು. ಇನ್ನು ಎಲ್ಲರೂ ಮಲಗಿರುವ, ಯಾರಿಗೂ ದಾರಿಯ ಪರಿಚಯವಿಲ್ಲದ ವಸತಿಗೃಹದ ಗತಿ ಏನು? 2025ರ ಏಪ್ರಿಲ್ 29ರಂದು ಕೋಲ್ಕತ್ತದ ಬಡಾಬಜಾರ್ ಪ್ರದೇಶದ ಹೋಟೆಲೊಂದರಲ್ಲಿ 14 ಮಂದಿ ಸತ್ತಾಗ, ಬಹುಪಾಲು ಜನರ ಪ್ರಾಣ ತೆಗೆದದ್ದು ಉರಿಯಲ್ಲ, ಉಸಿರುಗಟ್ಟಿಸಿದ ಹೊಗೆ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದರ ಕಾರಣ ಗೊತ್ತಿರಬೇಕು. ಗಾಳಿ ಸಾಲದೆ ಅರೆಬರೆ ಉರಿಯುವ ವಸ್ತುವಿನಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಲಗಿದವನು ಎಚ್ಚರಗೊಳ್ಳುವ ಮೊದಲೇ ಪ್ರಜ್ಞೆ ತಪ್ಪಿರುತ್ತದೆ. ಫೋಮ್ ಹಾಸಿಗೆ ಉರಿದರೆ ಸಯನೈಡ್ ಅನಿಲವೂ ಸೇರಿಕೊಳ್ಳುತ್ತದೆ. ಬಿಸಿ ಹೊಗೆ ಮೇಲೇರುವುದರಿಂದ, ಬಾಗಿಲಿಲ್ಲದ ತೆರೆದ ಮೆಟ್ಟಿಲ ಗೂಡು ಕಟ್ಟಡದ ನಡುವೆ ನಿಲ್ಲಿಸಿದ ಚಿಮಣಿಯೇ ಸರಿ. ಬೆಂಕಿ ನೆಲಮಾಳಿಗೆಯಲ್ಲಿದ್ದರೂ ಮೇಲಂತಸ್ತಿನವರು ಸಾಯುವುದು ಹೀಗೆ.

ವಸತಿಗೃಹಗಳಿಗೆ ಪ್ರತ್ಯೇಕ ಕಾನೂನಿನ ಬಿಸಿ ಮುಟ್ಟಿಸಿದ್ದು ಇಂಗ್ಲೆಂಡಿನ ಒಂದು ದುರಂತ. 1969ರ ಡಿಸೆಂಬರ್ 26ರ ಬೆಳಗಿನ ಜಾವ ಸ್ಯಾಫ್ರನ್ ವಾಲ್ಡನ್ ಎಂಬ ಸಣ್ಣ ಪಟ್ಟಣದ ಹಳೆಯ ಹೋಟೆಲೊಂದು ಉರಿದು 11 ಮಂದಿ ಸತ್ತರು. 1971ರಲ್ಲಿ ಅಲ್ಲಿ ಬೆಂಕಿ ಮುಂಜಾಗ್ರತಾ ಕಾಯ್ದೆ ಬಂತು. ಹೋಟೆಲು, ಬೋರ್ಡಿಂಗ್ ಹೌಸುಗಳಿಗೆ ಪ್ರಮಾಣಪತ್ರ ಕಡ್ಡಾಯವಾಯಿತು. 2006ರಿಂದ ಆ ಪ್ರಮಾಣಪತ್ರವನ್ನೇ ಕೈಬಿಟ್ಟು, ಅಪಾಯ ಅಳೆದು ತಡೆಯುವ ಹೊಣೆಯನ್ನು ನೇರವಾಗಿ ಮಾಲೀಕನ ತಲೆಗೆ ಕಟ್ಟಿದ್ದಾರೆ. ಮನೆಯ ಒಂದೇ ಕೋಣೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುವವರಿಗೂ ಇದು ತಪ್ಪಿದ್ದಲ್ಲ. ಕರೋಲ್‌ಬಾಗಿನ ಪತ್ರ ನೆನೆದರೆ ಇದೇ ವಾಸಿ ಎನ್ನಿಸುತ್ತದೆ.

ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಬಂದದ್ದು 1970ರಲ್ಲಿ. 2016ರ ಆವೃತ್ತಿಯ ನಾಲ್ಕನೆಯ ಭಾಗ ಪೂರ್ತಿ ಬೆಂಕಿಯದೇ ವಿಚಾರ. ನಮಗೆ ಹೋಟೆಲೆಂದರೆ ಇಡ್ಲಿ–ದೋಸೆ, ಮಲಗಲು ಲಾಡ್ಜು, ಓದುವ ಮಕ್ಕಳಿಗೆ ಹಾಸ್ಟೆಲು. ಸಂಹಿತೆ ಮಾತ್ರ ಲಾಡ್ಜು, ಡಾರ್ಮಿಟರಿ, ತಂಗುವ ಹೋಟೆಲುಗಳನ್ನು ಒಂದೇ ವರ್ಗದಲ್ಲಿ ಇಡುತ್ತದೆ. ಹೋಟೆಲಿನ ಮೆಟ್ಟಿಲು ಕನಿಷ್ಠ ಒಂದೂವರೆ ಮೀಟರು ಅಗಲವಿರಬೇಕು, ಹೊರದಾರಿಯಲ್ಲಿ ಸಾಮಾನು ಪೇರಿಸಬಾರದು, ಅದರ ಬಾಗಿಲು ಒಳಗಿನಿಂದ ಬೀಗದ ಕೈಯ ಹಂಗಿಲ್ಲದೆ ತೆರೆಯಬೇಕು ಎನ್ನುತ್ತದೆ. ಆದರೆ ಸಂಹಿತೆ ಶಿಫಾರಸು ಮಾತ್ರ. ರಾಜ್ಯಗಳು, ನಗರಸಭೆಗಳು ತಮ್ಮ ನಿಯಮಗಳಲ್ಲಿ ಅಳವಡಿಸಿಕೊಂಡಾಗಲೇ ಅದಕ್ಕೆ ಬಲ. 15 ಮೀಟರು ಮತ್ತು ಅದಕ್ಕೂ ಎತ್ತರದ ಕಟ್ಟಡವನ್ನು ಸಂಹಿತೆ ಬಹುಮಹಡಿ ಎನ್ನುತ್ತದೆ, ಬಿಗಿ ಷರತ್ತುಗಳು ಹೆಚ್ಚಾಗಿ ಅಂಥವಕ್ಕೆ. ಮಕ್ಕಳು ಉಳಿಯುವ ಪಿ.ಜಿ.ಗಳು ಬಹಳಷ್ಟು ಮನೆಗಾಗಿ ಕಟ್ಟಿದ ಮೂರು ನಾಲ್ಕು ಅಂತಸ್ತಿನವು. ಒಂದೇ ಮೆಟ್ಟಿಲು, ಅದರ ಬುಡದಲ್ಲೇ ಮೀಟರ್ ಬೋರ್ಡು, ಸಾಲದ್ದಕ್ಕೆ ಸ್ಕೂಟರುಗಳು.

ಹಾಗಾದರೆ ಬಾಗಿಲಿಗೆ ಬೀಗ ಏಕೆ ಬೀಳುತ್ತದೆ? ಮಾಲೀಕರನ್ನು ಬೈಯುವುದು ಸುಲಭ. ಬಿಲ್ಲು ಕೊಡದೆ ಹಿಂದಿನಿಂದ ಜಾರುವ ಗಿರಾಕಿ, ನುಗ್ಗುವ ಕಳ್ಳ, ಎರಡೂ ಅವರಿಗೆ ನಿಜವಾದ ಚಿಂತೆ. ಹೆಣ್ಣುಮಕ್ಕಳ ಹಾಸ್ಟೆಲಿನ ವಿಷಯದಲ್ಲಂತೂ ಬೀಗ ಬೇಡುವವರು ನಾವೇ, ಹೆತ್ತವರು. ‘ರಾತ್ರಿ ಗೇಟು ಹಾಕುತ್ತೀರಿ ತಾನೆ? ಕಿಟಕಿಗೆ ಗ್ರಿಲ್ ಇದೆಯಲ್ಲ?’ ಎಂದು ಎರಡೆರಡು ಸಲ ಕೇಳಿ, ಹೌದೆಂದರೆ ನೆಮ್ಮದಿಯಿಂದ ಬಸ್ಸು ಹತ್ತುತ್ತೇವೆ. ಹೊರಗಿನವರಿಗೆ ಮುಚ್ಚಿದ್ದು ಒಳಗಿನವರಿಗೂ ಮುಚ್ಚಿದೆ ಎಂಬುದು ಆಗ ಹೊಳೆಯುವುದೇ ಇಲ್ಲ.

ಎರಡನ್ನೂ ಸಾಧಿಸಬಹುದು. ಅಡ್ಡಪಟ್ಟಿಯನ್ನು ಒತ್ತಿದರೆ ಒಳಗಿನಿಂದ ತಟ್ಟನೆ ತೆರೆಯುವ, ಹೊರಗಿನಿಂದ ಎಳೆದರೂ ಬಗ್ಗದ ಬಾಗಿಲುಗಳಿವೆ. ಅದಕ್ಕೊಂದು ಗಂಟೆ ಜೋಡಿಸಿದರೆ ಯಾರು ತೆರೆದರೂ ಸದ್ದಾಗುತ್ತದೆ. ಗ್ರಿಲ್ಲಿನಲ್ಲೂ ಒಳಗಿನಿಂದ ತೆರೆಯುವ ಒಂದು ಕದ ಇಡಬಹುದು. ಚಿತ್ತಾರದ ಟೈಲ್ಸಿಗೆ ಖರ್ಚು ಮಾಡುವವರಿಗೆ ಇದು ದೊಡ್ಡ ಹೊರೆಯಲ್ಲ.

ಮಕ್ಕಳಿಗೂ ಒಂದು ಕೆಲಸವಿದೆ. ಕೋಣೆ ಸೇರಿದ ಸಂಜೆಯೇ ಬಾಗಿಲಿನಿಂದ ಮೆಟ್ಟಿಲಿನವರೆಗೆ ನಡೆದು ನಡುವೆ ಎಷ್ಟು ಬಾಗಿಲುಗಳಿವೆ ಎಂದು ಎಣಿಸಿಕೊಳ್ಳಿ. ಹೊಗೆ ತುಂಬಿ ಕಣ್ಣು ಕಾಣದಾಗ ಗೋಡೆ ಸವರುತ್ತ, ನೆಲಕ್ಕೆ ಬಗ್ಗಿ ಸಾಗಲು ಆ ಲೆಕ್ಕವೇ ದಾರಿ. ಲಿಫ್ಟಿನ ಹತ್ತಿರ ಸುಳಿಯಬೇಡಿ. ಕಾರಿಡಾರಿನಲ್ಲಿ ಹೊಗೆ ದಟ್ಟವಾಗಿದ್ದರೆ ಕೋಣೆಯ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಟವೆಲು ತುರುಕಿ, ಕಿಟಕಿಯ ಬಳಿ ನಿಂತು 101 ಅಥವಾ 112ಕ್ಕೆ ಫೋನು ಮಾಡಿ ಕೋಣೆಯ ಸಂಖ್ಯೆ ಹೇಳಿ.

ತಂದೆತಾಯಿಯರು ಮುಂಗಡ ಎಣಿಸುವ ಮೊದಲು ಆ ಎರಡನೆಯ ಬಾಗಿಲನ್ನು ತಾವೇ ತಳ್ಳಿ ನೋಡಲಿ. ಬೀಗವಿದ್ದರೆ ಅದರ ಕೈ ಯಾರ ಬಳಿ ಇರುತ್ತದೆ, ರಾತ್ರಿ ಮೂರು ಗಂಟೆಗೆ ಆತ ಎಲ್ಲಿ ಮಲಗಿರುತ್ತಾನೆ ಎಂದು ಕೇಳಲಿ.