ದನದ ಮೇವಿಗೂ ಪೆಟ್ರೋಲ್ ಬಂಕಿಗೂ ಏನು ಸಂಬಂಧ?

ಅಮೆರಿಕದ ನೆಬ್ರಾಸ್ಕಾದಲ್ಲಿ ಮಾಂಸಕ್ಕಾಗಿ ಸಾಕುವ ದನಗಳು ಏನು ತಿನ್ನಬೇಕು ಅಂತ ತೀರ್ಮಾನಿಸೋದು ಯಾರು? ಪಶುತಜ್ಞರು ಅಂದರೆ ಅದು ಅರ್ಧ ಉತ್ತರ. ಉಳಿದರ್ಧ ಉತ್ತರ ಇಂಧನ ನೀತಿಯಲ್ಲಿದೆ.

ಪೆಟ್ರೋಲಿಗೆ ಜೈವಿಕ ಇಂಧನ ಬೆರೆಸಲೇಬೇಕು ಅಂತ ಅಮೆರಿಕ 2005ರಲ್ಲಿ ಕಾನೂನು ಮಾಡಿತು. 2007ರಲ್ಲಿ ಆ ಗುರಿಯನ್ನು ಇನ್ನಷ್ಟು ಹಿಗ್ಗಿಸಿತು. ಮೆಕ್ಕೆಜೋಳ ರಾಶಿರಾಶಿಯಾಗಿ ಎಥೆನಾಲ್ ಕಾರ್ಖಾನೆಗೆ ಹೋಗತೊಡಗಿತು. ಲೆಕ್ಕ ಸರಳ. 3 ಕೆ.ಜಿ. ಮೆಕ್ಕೆಜೋಳ ಹಾಕಿದರೆ ಹೆಚ್ಚುಕಡಿಮೆ 1 ಕೆ.ಜಿ. ಎಥೆನಾಲ್, 1 ಕೆ.ಜಿ. ಇಂಗಾಲದ ಡೈಆಕ್ಸೈಡ್, 1 ಕೆ.ಜಿ. ಒಣಗಿದ ಗಸಿ ಸಿಗುತ್ತೆ. ಎಥೆನಾಲ್ ಆಗೋದು ಕಾಳಿನ ಪಿಷ್ಟ ಮಾತ್ರ. ಪ್ರೋಟೀನು, ಎಣ್ಣೆ, ನಾರು ಹಾಗೇ ಉಳಿಯುತ್ತವೆ. ಹೀಗಾಗಿ ಕಾಳಿನಲ್ಲಿ ಶೇ. 8-9ರಷ್ಟಿದ್ದ ಪ್ರೋಟೀನು ಗಸಿಯಲ್ಲಿ ಶೇ. 27-30ಕ್ಕೆ ಏರುತ್ತೆ. ಇದರ ಹೆಸರೇ ಡಿಡಿಜಿಎಸ್. ಸೋಯಾ ಹಿಂಡಿಯಲ್ಲಿ ಪ್ರೋಟೀನು ಶೇ. 44-48ರಷ್ಟಿದೆ, ನಿಜ. ಆದರೆ ಗಸಿ ಅಗ್ಗ.

ದನಕ್ಕೆ ಇದು ಒಗ್ಗುತ್ತೆ ಕೂಡ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಸಾಧಾರಣ ಪ್ರೋಟೀನನ್ನೂ, ಯೂರಿಯಾದ ಸಾರಜನಕವನ್ನೂ ಬಳಸಿ ಬೆಳೆಯುತ್ತವೆ. ಆಮೇಲೆ ಆ ಸೂಕ್ಷ್ಮಜೀವಿಗಳೇ ದನಕ್ಕೆ ಪ್ರೋಟೀನು! ಹಾಗಂತ ಎಷ್ಟು ಬೇಕಾದರೂ ಸುರಿಯುವಂತಿಲ್ಲ. ಗಸಿಯಲ್ಲಿ ಗಂಧಕ ಜಾಸ್ತಿ ಇದ್ದರೆ ದನದ ಮಿದುಳಿಗೇ ಹಾನಿ. ಕಾಳಿನಲ್ಲಿ ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಇದ್ದರೆ ಗಸಿಯಲ್ಲಿ ಅದು ಸುಮಾರು ಮೂರು ಪಟ್ಟು.

ಇದೀಗ ಇದು ನಮ್ಮ ಕಥೆಯೂ ಹೌದು. ಅಮೆರಿಕದಂಥ ಮಾಂಸದ ದನಗಳ ದೊಡ್ಡ ಉದ್ಯಮ ನಮ್ಮಲ್ಲಿಲ್ಲ. ಇಲ್ಲಿ ಗಸಿ ಹೋಗೋದು ಹಾಲು ಕೊಡುವ ಹಸು-ಎಮ್ಮೆಗೆ, ಕೋಳಿಗೆ. ಶೇ. 20 ಎಥೆನಾಲ್ ಬೆರೆಸುವ ಗುರಿಯನ್ನು ಕೇಂದ್ರ ಸರ್ಕಾರ 2030ರಿಂದ 2025ಕ್ಕೆ ಹಿಂದಕ್ಕೆ ತಂದಿತು. ಮೆಕ್ಕೆಜೋಳ, ಅಕ್ಕಿಯಿಂದ ಎಥೆನಾಲ್ ತೆಗೆಯೋದು ಹೆಚ್ಚಾಯ್ತು, ಜೊತೆಗೆ ಗಸಿಯೂ ಹೆಚ್ಚಾಯ್ತು.

ಪೆಟ್ಟು ಬಿದ್ದದ್ದು ಸೋಯಾಗೆ. ಸೋಯಾ ಕಾಳಿನಲ್ಲಿ ಎಣ್ಣೆ ಶೇ. 18-20 ಅಷ್ಟೇ, ತೂಕದ ಬಹುಪಾಲು ಹಿಂಡಿಯೇ. ಹಿಂಡಿಗೆ ಗಿರಾಕಿ ಇಲ್ಲದಿದ್ದರೆ ಕಾಳಿಗೂ ಬೆಲೆ ಇಲ್ಲ. 2024-25ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 4,892 ರೂಪಾಯಿ ಇತ್ತು. ಮಾರುಕಟ್ಟೆ ದರ ಅದಕ್ಕಿಂತ ಕೆಳಗಿಳಿಯಿತು. ಇದಕ್ಕೆ ಗಸಿಯೊಂದೇ ಕಾರಣ ಅಲ್ಲ, ಜಾಗತಿಕ ಬೆಲೆಯೂ ಕುಸಿದಿತ್ತು. ಆದರೆ ಹೊರಗಿನ ಕುಸಿತಕ್ಕೆ ಒಳಗಿನ ನೀತಿಯ ಭಾರವೂ ಸೇರಿದರೆ ಬೀದರ್‌ನ ಸೋಯಾ ರೈತ ಎಲ್ಲಿಗೆ ಹೋಗಬೇಕು?

ಗಸಿಯನ್ನು ಎಸೆಯಬೇಕು ಅಂತ ಅಲ್ಲ. ಅದು ಒಳ್ಳೆಯ ಮೇವೇ. ಆದರೆ ಎಥೆನಾಲ್ ಗುರಿ ಘೋಷಿಸುವಾಗ ಮೆಕ್ಕೆಜೋಳ ಬೆಳೆಗಾರನ ಲಾಭವನ್ನಷ್ಟೇ ಹೇಳಿದರೆ ಸಾಲದು. ಸೋಯಾ ಬೆಳೆಗಾರನಿಗೆ ಬೆಂಬಲ ಬೆಲೆಯಲ್ಲಿ ಖರೀದಿಯ ಖಾತ್ರಿ ಬೇಕು. ಪ್ರತಿ ಲೋಡ್ ಗಸಿಗೂ ಅಫ್ಲಾಟಾಕ್ಸಿನ್ ಪರೀಕ್ಷೆ ಬೇಕು, ಯಾಕಂದ್ರೆ ಹಸು ತಿಂದ ವಿಷದ ಒಂದು ಪಾಲು ಹಾಲಿಗೂ ಇಳಿಯುತ್ತೆ. ಆ ಹಾಲು ಕುಡಿಯೋದು ನಾವೇ.