ಹಳೆಯ ಕಾರುಗಳ ಹಿಂಬದಿ ಆಕ್ಸಲ್

ಹಿಂಬದಿ ಆಕ್ಸಲ್ ಎಂಬುದು ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ತಲುಪಿಸುವ ಹಾಗೂ ವಾಹನದ ಹಿಂಭಾಗದ ಭಾರವನ್ನು ಹೊರುವ ಯಂತ್ರಭಾಗ. ಹಳೆಯ ಕಾರುಗಳಲ್ಲಿ ಇದನ್ನು ಬಿಚ್ಚಿ, ಸವೆದ ಭಾಗಗಳನ್ನು ಬದಲಾಯಿಸಿ, ಗೇರುಗಳನ್ನು ಮರಳಿ ಹೊಂದಿಸುವ ಕೆಲಸವನ್ನು ಆಕ್ಸಲ್ ಪುನರ್ನಿರ್ಮಾಣ ಎನ್ನುತ್ತಾರೆ.

ರಚನೆ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದ ಎತ್ತಿನ ಗಾಡಿಯಲ್ಲಿ ಅಚ್ಚು ತಿರುಗುವುದಿಲ್ಲ. ಎರಡು ಚಕ್ರಗಳೂ ಅದರ ಮೇಲೆ ಬೇರೆಬೇರೆಯಾಗಿ ಉರುಳುತ್ತವೆ. ಆದ್ದರಿಂದ ತಿರುವಿನಲ್ಲಿ ಹೊರಬದಿಯ ಚಕ್ರ ಹೆಚ್ಚು ದೂರ ಸಾಗಲು ಅಡ್ಡಿಯಿಲ್ಲ. ಕಾರಿನಲ್ಲಿ ಆಕ್ಸಲ್ಲೇ ಚಕ್ರಗಳನ್ನು ತಿರುಗಿಸಬೇಕಾದುದರಿಂದ ಈ ವೇಗವ್ಯತ್ಯಾಸಕ್ಕೆ ಡಿಫರೆನ್ಷಿಯಲ್ ಎಂಬ ಗೇರು ಜೋಡಣೆ ಬೇಕಾಗುತ್ತದೆ. ಉದ್ದದ ದಂಡದ ತುದಿಯಲ್ಲಿರುವ ಚಿಕ್ಕ ಗೇರು ಪಿನಿಯನ್. ಅದು ದೊಡ್ಡ ಗೇರಾದ ಕ್ರೌನ್ ವೀಲನ್ನು ತಿರುಗಿಸುತ್ತದೆ. ಫೋರ್ಡ್ ಮಾಡೆಲ್ ಟಿ (1908–1927) ಕಾರಿನಲ್ಲಿ ಇವುಗಳ ಹಲ್ಲುಗಳು ಸಾಮಾನ್ಯವಾಗಿ ಕ್ರಮವಾಗಿ 11 ಮತ್ತು 40.

ಸವೆತದ ಲಕ್ಷಣಗಳು

ವೇಗ ಹೆಚ್ಚಿಸುವಾಗ ಅಥವಾ ಇಳಿಸುವಾಗ ಕೇಳಿಬರುವ ಸಿಳ್ಳಿನಂಥ ಸದ್ದು ಗೇರುಗಳ ತಪ್ಪು ಹೊಂದಾಣಿಕೆಯನ್ನು, ಸತತ ಗುಡುಗುಡು ಸದ್ದು ಬೇರಿಂಗ್ ಸವೆತವನ್ನು ಸೂಚಿಸಬಹುದು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ. ನೀರು ತುಂಬಿದ ದಾರಿಗಳಲ್ಲಿ ಓಡಿದ ವಾಹನಗಳಲ್ಲಿ ಹೀಗಾಗುವುದುಂಟು. ಗಾಳಿರಂಧ್ರವು ಧೂಳಿನಿಂದ ಮುಚ್ಚಿದರೆ ಬಿಸಿಯಾದ ಆಕ್ಸಲ್ಲಿನ ಒಳಒತ್ತಡ ಏರಿ, ಎಣ್ಣೆಯು ಸೀಲುಗಳನ್ನು ದಾಟಿ ಬ್ರೇಕ್ ಡ್ರಮ್ಮಿನೊಳಗೆ ಸೇರಬಹುದು. ಆಗ ಬ್ರೇಕ್ ಹಿಡಿತ ಕಳೆದುಕೊಳ್ಳುತ್ತದೆ.

ಮಾಡೆಲ್ ಟಿ ಕಾರಿನಲ್ಲಿ ಅಪಾಯ ಇನ್ನೂ ದೊಡ್ಡದು. ಅದರ ಕಾಲ್ಬ್ರೇಕ್ ಕೆಲಸ ಮಾಡುವುದು ಗೇರುಪೆಟ್ಟಿಗೆಯಲ್ಲಿ. ಆಕ್ಸಲ್ಲಿನೊಳಗಿನ ಬ್ಯಾಬಿಟ್ ಲೋಹದ ಒತ್ತುಬಿಲ್ಲೆಗಳು ಪುಡಿಯಾದರೆ ಗೇರುಗಳು ಪರಸ್ಪರ ಬಿಟ್ಟು, ಚಾಲನೆಯೊಂದಿಗೆ ಕಾಲ್ಬ್ರೇಕೂ ಇಲ್ಲವಾಗುತ್ತದೆ. ಆದ್ದರಿಂದ ಪುನರ್ನಿರ್ಮಾಣದಲ್ಲಿ ಅವುಗಳ ಬದಲು ಕಂಚಿನ ಬಿಲ್ಲೆಗಳನ್ನು ಹಾಕುವುದು ವಾಡಿಕೆ.

ಹೊಂದಾಣಿಕೆಯ ಕ್ರಮ

ಕ್ರೌನ್ ವೀಲ್ ಮತ್ತು ಪಿನಿಯನ್‌ಗಳನ್ನು ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ. ಆದ್ದರಿಂದ ಒಂದನ್ನೇ ಬದಲಾಯಿಸುವಂತಿಲ್ಲ. ಹೊಂದಾಣಿಕೆ ಈ ಕ್ರಮದಲ್ಲಿ ನಡೆಯುತ್ತದೆ:

1. ಪಿನಿಯನ್ನಿನ ಆಳ: ಶಿಮ್ ಎಂಬ ತೆಳು ತಗಡುಗಳಿಂದ ಪಿನಿಯನ್ನನ್ನು ಹಿಂದೆ ಮುಂದೆ ಸರಿಸಲಾಗುತ್ತದೆ.
2. ಬೇರಿಂಗ್ ಬಿಗುವು: ಪಿನಿಯನ್ ತಿರುಗಿಸಲು ಬೇಕಾದ ಬಲವನ್ನು ಅಳೆದು ಇದನ್ನು ನಿಗದಿಪಡಿಸುತ್ತಾರೆ.
3. ಹಲ್ಲುಗಳ ಸಡಿಲು: ಕ್ರೌನ್ ವೀಲನ್ನು ಪಕ್ಕಕ್ಕೆ ಸರಿಸಿ, ಡಯಲ್ ಗೇಜಿನಿಂದ ಅಳೆಯುತ್ತಾರೆ. ಅನೇಕ ಕಾರುಗಳಲ್ಲಿ ಇದು ಸುಮಾರು 0.1ರಿಂದ 0.2 ಮಿ.ಮೀ.; ತಯಾರಕರ ಕೈಪಿಡಿಯ ಅಳತೆಯೇ ಅಂತಿಮ.
4. ಸಂಪರ್ಕದ ಗುರುತು: ಹಲ್ಲುಗಳಿಗೆ ಬಣ್ಣದ ಲೇಪ ಹಚ್ಚಿ ಗೇರನ್ನು ತಿರುಗಿಸಿ ನೋಡುತ್ತಾರೆ. ಗುರುತು ಹಲ್ಲಿನ ಮಧ್ಯಭಾಗದಲ್ಲಿರಬೇಕು. ಅದು ಹಲ್ಲಿನ ಬುಡದಲ್ಲಿದ್ದರೆ ಪಿನಿಯನ್ ಹೆಚ್ಚು ಒಳಗಿದೆ, ಮೇಲಂಚಿನಲ್ಲಿದ್ದರೆ ಹೆಚ್ಚು ಹೊರಗಿದೆ ಎಂದು ತಿಳಿಯಬೇಕು.

ಅಳತೆಗಳೆಲ್ಲ ಸರಿಯಿದ್ದೂ ಗುರುತು ತಪ್ಪಿದ್ದರೆ ಕೆಲಸವನ್ನು ಮೊದಲ ಹಂತದಿಂದ ಪುನಃ ಮಾಡಬೇಕಾಗುತ್ತದೆ. ಹಾಗೆಯೇ ಓಡಿಸಿದರೆ ಹಲ್ಲುಗಳ ಅಂಚು ಮುರಿದು, ಸುಲಭವಾಗಿ ದೊರೆಯದ ಮೂಲ ಜೋಡಿಯೇ ಹಾಳಾಗಬಹುದು. ಪಿನಿಯನ್ ಕೇಂದ್ರರೇಖೆಯಿಂದ ಕೆಳಗಿರುವ ಹೈಪಾಯ್ಡ್ ಗೇರುಗಳಿಗೆ ಅಧಿಕ ಒತ್ತಡ ತಡೆಯುವ ಎಣ್ಣೆ ಅಗತ್ಯ. ಅಂಥ ಕೆಲವು ಎಣ್ಣೆಗಳಲ್ಲಿನ ಗಂಧಕಾಂಶವು ಕಂಚಿನ ಭಾಗಗಳಿಗೆ ಹಾನಿ ಮಾಡಬಹುದು.

ಭಾರತದಲ್ಲಿ ಮಹತ್ವ

ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯನ್ನು ಆಧರಿಸಿ, 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಹಿಂದೂಸ್ತಾನ್ ಅಂಬಾಸಿಡರ್ ಕಾರು ಹಿಂದಿನ ಚಕ್ರಗಳಿಂದಲೇ ಚಲಿಸುತ್ತಿತ್ತು. ಅದರ ಆಕ್ಸಲ್ ಪಟ್ಟಿ ಸ್ಪ್ರಿಂಗುಗಳ ಮೇಲೆ ಕೂರುತ್ತಿತ್ತು. ಕೇಂದ್ರ ಮೋಟಾರು ವಾಹನ ನಿಯಮಗಳ 2021ರ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿ, ಮೂಲ ರೂಪದಲ್ಲೇ ಉಳಿದಿರುವ ವಾಹನಗಳನ್ನು ‘ವಿಎ’ ಸರಣಿಯಲ್ಲಿ ವಿಂಟೇಜ್ ವಾಹನಗಳಾಗಿ ನೋಂದಾಯಿಸಬಹುದು. ಹೀಗಾಗಿ ಬೇರೆ ವಾಹನದ ಆಕ್ಸಲ್ ಕೂಡಿಸುವುದಕ್ಕಿಂತ ಮೂಲ ಆಕ್ಸಲ್ಲನ್ನೇ ದುರಸ್ತಿಗೊಳಿಸಿ ಉಳಿಸಿಕೊಳ್ಳುವುದು ಹಳೆಯ ಕಾರುಗಳ ಸಂರಕ್ಷಣೆಯಲ್ಲಿ ಮುಖ್ಯವೆನಿಸಿದೆ.